ದೂರದರ್ಶನದಲ್ಲಿ ಕಾಣದ ದಶಕ

ಕಾಲವನ್ನು ಅಳೆಯಲು ಮನುಷ್ಯನು ಅನೇಕ ಮಾನಗಳನ್ನು ಕಂಡುಕೊಂಡಿದ್ದಾನೆ. ಪಂಚಾಂಗವು ಸಂವತ್ಸರಗಳನ್ನು ಹೇಳುತ್ತದೆ. ಸರಕಾರದ ಕಡತಗಳು ಇಸವಿಗಳನ್ನು ಹೇಳುತ್ತವೆ. ಹಳ್ಳಿಯ ಹಿರಿಯರಾದರೋ ದೊಡ್ಡ ಬರ ಬಿದ್ದ ವರ್ಷ, ಪ್ಲೇಗು ಬಂದ ವರ್ಷ, ಹೊಳೆಯ ನೀರು ಊರೊಳಗೆ ನುಗ್ಗಿದ ವರ್ಷ ಎಂದು ತಮ್ಮ ಬಾಳನ್ನು ಗುರುತಿಟ್ಟುಕೊಳ್ಳುತ್ತಾರೆ. ಇವುಗಳಿಗೆ ಹೋಲಿಸಿದರೆ ದಶಕದ ಲೆಕ್ಕವು ಈಚಿನದು. ಹತ್ತು ವರ್ಷಗಳನ್ನು ಒಂದು ಗಂಟಾಗಿ ಕಟ್ಟಿ, ಅದಕ್ಕೊಂದು ಗುಣವನ್ನು ಆರೋಪಿಸಿ, ಅದು ಕ್ರಾಂತಿಯ ದಶಕ, ಇದು ಭೋಗದ ದಶಕ ಎಂದು ಕರೆಯುವ ಪರಿಪಾಠವನ್ನು ಪತ್ರಿಕೆಗಳು ಬೆಳೆಸಿದವು. ದೂರದರ್ಶನವು ಅದನ್ನು ಮನೆಮನೆಗೆ ಮುಟ್ಟಿಸಿತು.

ಅಮೆರಿಕದ ಸಿ. ಎನ್. ಎನ್. ಸಂಸ್ಥೆಯು 2014ರಲ್ಲಿ ಅರವತ್ತರ ದಶಕವನ್ನು ಕುರಿತು, 2015ರಲ್ಲಿ ಎಪ್ಪತ್ತರ ದಶಕವನ್ನು ಕುರಿತು, 2016ರಲ್ಲಿ ಎಂಬತ್ತರ ದಶಕವನ್ನು ಕುರಿತು ಸಾಕ್ಷ್ಯಚಿತ್ರ ಮಾಲಿಕೆಗಳನ್ನು ಪ್ರಸಾರಮಾಡಿತು. ನಟ ಟಾಮ್ ಹ್ಯಾಂಕ್ಸ್ ಅವರ ನಿರ್ಮಾಪಕರಲ್ಲೊಬ್ಬನು. ಎಂಬತ್ತರ ದಶಕದ ಮಾಲಿಕೆಯಲ್ಲಿ ಅಧ್ಯಕ್ಷ ರೇಗನ್ನನ ಆಳ್ವಿಕೆ, ಏಡ್ಸ್ ರೋಗದ ಭೀತಿ, ಬರ್ಲಿನ್ ಗೋಡೆಯ ಪತನ, ಷೇರುಪೇಟೆಯ ಏರಿಳಿತ, ಗಣಕಯಂತ್ರದ ಉದಯ, ಸಂಗೀತ ಹಾಗೂ ಟೆಲಿವಿಷನ್ನಿನ ಬೆಳವಣಿಗೆ ಇವೆಲ್ಲ ಒಂದೊಂದು ಕಂತಿನ ವಸ್ತುಗಳು. ಭಾರತದಲ್ಲಿಯೂ 2013ರಲ್ಲಿ ಶೇಖರ್ ಕಪೂರ್ ನಿರೂಪಿಸಿದ ‘ಪ್ರಧಾನಮಂತ್ರಿ’ ಎಂಬ ಹಿಂದಿ ಮಾಲಿಕೆಯು ಸ್ವಾತಂತ್ರ್ಯಾನಂತರದ ದೇಶದ ಕಥೆಯನ್ನು ಪ್ರಧಾನಿಗಳ ಕಾಲಾನುಕ್ರಮದಲ್ಲಿ ಹೇಳಿತು.

ಇಂಥ ಮಾಲಿಕೆಗಳಿಂದ ಆಗುವ ಲಾಭವನ್ನು ಅಲ್ಲಗಳೆಯುವಂತಿಲ್ಲ. ಪುಸ್ತಕದಲ್ಲಿ ಒಣ ಹೆಸರುಗಳಾಗಿದ್ದವರು ಅಲ್ಲಿ ಮುಖವನ್ನೂ ಧ್ವನಿಯನ್ನೂ ಪಡೆಯುತ್ತಾರೆ. ನಾಳೆ ಏನಾಗುವುದೆಂದು ತಿಳಿಯದೆ ಮಾತನಾಡುತ್ತಿರುವ ಅಂದಿನ ಜನರ ಅಂಜಿಕೆ, ಆಸೆ, ತಡವರಿಕೆಗಳು ಹಳೆಯ ಚಿತ್ರಸುರುಳಿಗಳಲ್ಲಿ ಹಾಗೆಯೇ ಉಳಿದಿರುತ್ತವೆ. ಇತಿಹಾಸವು ಮೊದಲೇ ಬರೆದಿಟ್ಟ ವಿಧಿಯಲ್ಲ, ಮನುಷ್ಯರು ಕತ್ತಲೆಯಲ್ಲಿ ತಡಕಾಡುತ್ತ ನಡೆದ ದಾರಿ ಎಂಬ ಅರಿವನ್ನು ಅವು ಸುಲಭವಾಗಿ ಮೂಡಿಸುತ್ತವೆ. 1973ರಲ್ಲಿ ಇಂಗ್ಲೆಂಡಿನಲ್ಲಿ ಪ್ರಸಾರವಾಗತೊಡಗಿದ ‘ದಿ ವರ್ಲ್ಡ್ ಅಟ್ ವಾರ್’ ಎಂಬ 26 ಕಂತುಗಳ ಮಾಲಿಕೆ ಇದಕ್ಕೆ ಶ್ರೇಷ್ಠ ನಿದರ್ಶನ. ಎರಡನೆಯ ಮಹಾಯುದ್ಧದ ಆ ಮಹಾಕಥೆ ಯಾವ ರಾಜಧಾನಿಯಿಂದಲೂ ಆರಂಭವಾಗುವುದಿಲ್ಲ. ಫ್ರಾನ್ಸಿನ ಒರಾದೂರ್ ಎಂಬ ಸಣ್ಣ ಊರಿನ ಪಾಳುಬಿದ್ದ ಬೀದಿಯಿಂದ ಅದು ಆರಂಭವಾಗುತ್ತದೆ. 1944ರ ಜೂನ್ 10ರಂದು ಜರ್ಮನ್ ಸೈನಿಕರು ಆ ಊರಿನ 600ಕ್ಕೂ ಹೆಚ್ಚು ಜನರನ್ನು ಕೊಂದರು. ಲೋಕವನ್ನೆಲ್ಲ ಆವರಿಸಿದ ಯುದ್ಧದ ಅರ್ಥವನ್ನು ಹೇಳಲು ಒಂದು ಹಳ್ಳಿ ಸಾಕೆಂಬುದನ್ನು ಅದರ ನಿರ್ಮಾಪಕರು ಬಲ್ಲವರಾಗಿದ್ದರು.

ಆದರೆ ಈ ಬಗೆಯ ಮಾಲಿಕೆಗಳಿಗೆ ಹುಟ್ಟಿನಿಂದಲೇ ಬಂದ ಒಂದು ಮಿತಿಯೂ ಉಂಟು. ಅಂದು ಚಿತ್ರೀಕರಣವಾದುದನ್ನು ಮಾತ್ರ ಅವು ಇಂದು ತೋರಿಸಬಲ್ಲವು. ಕ್ಯಾಮೆರಾ ಎಲ್ಲಿತ್ತೋ ಅಲ್ಲಿ ದಶಕವಿತ್ತು. ಅದು ಇಲ್ಲದೆಡೆ ಏನೂ ನಡೆಯಲಿಲ್ಲವೇನೋ ಎಂಬ ಭ್ರಮೆ ನೋಡುವವನಲ್ಲಿ ಮೂಡುತ್ತದೆ. ಕ್ಯಾಮೆರಾವಾದರೋ ಹಣವಿದ್ದ ಕಡೆಗೆ, ಅಧಿಕಾರವಿದ್ದ ಕಡೆಗೆ, ದೊಡ್ಡ ನಗರಗಳ ಕಡೆಗೆ ಮೊದಲು ಹೋಯಿತು. ಅಮೆರಿಕದವರು ತಮ್ಮ ದಶಕವನ್ನು ತಮ್ಮ ಕಣ್ಣಿನಿಂದ ಕಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಹಾವೇರಿಯ ವಿದ್ಯಾರ್ಥಿಯೊಬ್ಬನು ಅದನ್ನು ನೋಡಿ ಎಂಬತ್ತರ ದಶಕವೆಂದರೆ ಇಷ್ಟೇ ಎಂದು ತಿಳಿದರೆ ಮಾತ್ರ ಅವನಿಗೆ ನಷ್ಟ.

ಕರ್ನಾಟಕದ ಮಟ್ಟಿಗೆ ಆ ದಶಕದಲ್ಲಿ ದೂರದರ್ಶನವೇ ಹೊಸದು. 1975–76ರಲ್ಲಿ ನಡೆದ ಉಪಗ್ರಹ ಶೈಕ್ಷಣಿಕ ಪ್ರಯೋಗವು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು ಮುಟ್ಟಿತ್ತು. ಧಾರವಾಡ ಜಿಲ್ಲೆ ಅದರಲ್ಲಿ ಸೇರಿರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು. 1997ರ ವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಯ ತಾಲೂಕುಗಳೇ ಆಗಿದ್ದವು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಧ್ವನಿಯನ್ನು ಕೇಳಿ ಬೆಳೆದ ಈ ಸೀಮೆಯ ಜನ, ಮನೆಗೆ ಟೆಲಿವಿಷನ್ ಬಂದ ಮೇಲೆ ದೆಹಲಿಯನ್ನೂ ಮುಂಬಯಿಯನ್ನೂ ನೋಡತೊಡಗಿದರು. ಅವರನ್ನು ದೆಹಲಿಯಾಗಲಿ ಮುಂಬಯಿಯಾಗಲಿ ನೋಡಿದುದು ವಿರಳ.

ಹಾಗೆಂದು ಆ ಹತ್ತು ವರ್ಷಗಳಲ್ಲಿ ಇಲ್ಲಿ ಏನೂ ನಡೆಯಲಿಲ್ಲವೆ? ದಶಕ ಆರಂಭವಾದ ವರ್ಷವೇ, 1980ರ ಜುಲೈ 21ರಂದು, ಅದೇ ಜಿಲ್ಲೆಯ ನರಗುಂದ ಮತ್ತು ನವಲಗುಂದಗಳಲ್ಲಿ ನೀರಾವರಿ ಕರದ ವಿರುದ್ಧ ರೈತರು ಬೀದಿಗಿಳಿದರು. ಗೋಲಿಬಾರಿಗೆ ರೈತರು ಬಲಿಯಾದರು. ಆ ಕಿಡಿಯು ನಾಡಿನುದ್ದಕ್ಕೂ ಹಬ್ಬಿ ರೈತ ಚಳುವಳಿಯಾಯಿತು. 1983ರಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂದಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ಹಳ್ಳಿಯ ಜನ ಅಧಿಕಾರದ ಮೆಟ್ಟಿಲನ್ನು ಹತ್ತಿದರು. ಊರೂರಿಗೆ ಕೊಳವೆಬಾವಿಗಳನ್ನು ತಂದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಎಂದೇ ಕರೆದರು.

ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದ ಮೇಲೆ, ಎಪ್ಪತ್ತರ ದಶಕದ ಆರಂಭದಿಂದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನಡೆಯುತ್ತಿದ್ದಿತು. ನೀಲಗಿರಿಯಂಥ ಮರಗಳಿಂದ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವುದು ಅದರ ಉದ್ಯೋಗ. ಹೊಳೆಯ ನೀರು ಕೆಡುತ್ತಿದೆಯೆಂದು ದಡದ ಹಳ್ಳಿಗಳ ಜನ ದೂರಿದರು. 1984ರಲ್ಲಿ ರಾಜ್ಯ ಸರಕಾರವು ಈ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ನೀಲಗಿರಿ ಬೆಳೆಸಲೆಂದು ನಾಲ್ಕು ಜಿಲ್ಲೆಗಳಲ್ಲಿ ಹರಡಿದ್ದ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ವಹಿಸುವ ಯೋಜನೆ ಸಿದ್ಧವಾಯಿತು. ಕಡತದಲ್ಲಿ ಆ ಭೂಮಿ ಬಂಜರು. ಹಳ್ಳಿಯವರಿಗೆ ಅದು ದನ ಮೇಯುವ ಗಾಯರಾಣ, ಒಲೆಗೆ ಸೌದೆ ಕೊಡುವ ಗುಡ್ಡ, ನೇಗಿಲಿಗೆ ಮರ ಕೊಡುವ ಕಾಡು. ಒಂದೇ ನೆಲಕ್ಕೆ ಎರಡು ಹೆಸರುಗಳಿದ್ದುದೇ ಆ ವಿವಾದದ ಮೂಲ.

ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಮಾಡುತ್ತಿದ್ದ ಎಸ್. ಆರ್. ಹಿರೇಮಠ ಮತ್ತು ಅವರ ಸಂಗಡಿಗರ ಸಮಾಜ ಪರಿವರ್ತನ ಸಮುದಾಯವು ಜನರನ್ನು ಸಂಘಟಿಸಿತು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ಒಂದುಗೂಡಿ ನೀಲಗಿರಿಯ ಸಸಿಗಳನ್ನು ಕಿತ್ತರು. ಅವುಗಳ ಜಾಗದಲ್ಲಿ ಊರಿಗೆ ಉಪಯೋಗವಾಗುವ ಮರಗಳ ಸಸಿಗಳನ್ನು ನೆಟ್ಟರು. ಈ ಸೀಮೆಯ ಮಾತಿನಲ್ಲಿ ಗಿಡ ಹಚ್ಚುವುದೆಂದರೆ ನೆಡುವುದು. ಆದುದರಿಂದ ಅದಕ್ಕೆ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹವೆಂಬ ಹೆಸರು ಬಂದಿತು. ಕೀಳುವುದರಲ್ಲಿ ನಿಲ್ಲದೆ ನೆಡುವುದಕ್ಕೂ ಮುಂದಾದ ಆ ಹೋರಾಟದ ವಿವೇಕವು ಇಂದಿಗೂ ಮನನೀಯ. 1988ರ ರಾಷ್ಟ್ರೀಯ ಅರಣ್ಯ ನೀತಿಯು ಪರಿಸರದ ಸಮತೋಲನಕ್ಕೂ ಸ್ಥಳೀಯ ಜನರ ಅಗತ್ಯಗಳಿಗೂ ಆದ್ಯತೆ ನೀಡಿದಾಗ, ಕುಸನೂರಿನ ಜನ ಕೇಳಿದ್ದ ಪ್ರಶ್ನೆಯೇ ದೇಶದ ಪ್ರಶ್ನೆಯಾಗಿದ್ದುದು ಸ್ಪಷ್ಟವಾಯಿತು. 1991ರಲ್ಲಿ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು.

ಇದಕ್ಕಿಂತಲೂ ಮೌನವಾಗಿ ನಡೆದ ಬದಲಾವಣೆಗಳುಂಟು. ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ. ಎಚ್. ಕಟರ್ಕಿಯವರು ರೂಪಿಸಿದ ‘ವರಲಕ್ಷ್ಮಿ’ ಎಂಬ ಸಂಕರಣ ಹತ್ತಿ 1972ರಲ್ಲಿ ರೈತರ ಕೈಸೇರಿತು. ಎರಡು ಬೇರೆ ಬೇರೆ ಹತ್ತಿ ಪ್ರಭೇದಗಳನ್ನು ಕೂಡಿಸಿ ಪಡೆದ ತಳಿಯದು. ಅಂಥ ಬೀಜವನ್ನು ಯಂತ್ರ ಮಾಡಲಾರದು. ಸಂಜೆ ಒಂದೊಂದು ಮೊಗ್ಗಿನ ಕೇಸರಗಳನ್ನು ಕೈಯಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಮತ್ತೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ರಾಣೆಬೆನ್ನೂರು ಸೀಮೆಯು ಬೀಜೋತ್ಪಾದನೆಗೆ ಹೆಸರಾದುದು ಈ ಬಗೆಯ ಬೆರಳ ಕೆಲಸದಿಂದ. ಇಂಥ ಕೆಲಸದ ಬಹುಭಾಗವನ್ನು ಮಾಡಿದವರು ಹೆಂಗಸರು ಮತ್ತು ಮಕ್ಕಳು. ಆ ಹೊಲಗಳಿಂದ ಹಣ ಬಂದುದು ನಿಜ. ಶಾಲೆಯಲ್ಲಿರಬೇಕಾಗಿದ್ದ ಬೆರಳುಗಳು ಹೊಲದಲ್ಲಿದ್ದುದೂ ನಿಜ. ದಶಕದ ಕಥೆ ಹೇಳುವವನು ಈ ಎರಡು ನಿಜಗಳನ್ನೂ ಹೇಳಬೇಕು.

ಬ್ಯಾಡಗಿಯ ಕಾಲಮಾನವೇ ಬೇರೆ. ಕಡುಗೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಹೆಸರಾದ ಅಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಆ ಪೇಟೆಯ ಏಳುಬೀಳುಗಳು ಸೊನ್ನೆಯಿಂದ ಆರಂಭವಾಗಿ ಒಂಬತ್ತಕ್ಕೆ ಮುಗಿಯುವುದಿಲ್ಲ. ಮಳೆ, ಬೆಲೆ, ರೋಗ ಇವೇ ಅದರ ಅಧ್ಯಾಯಗಳು. ಅಡತಿ ಅಂಗಡಿಗಳ ಹಳೆಯ ಕಿರ್ದಿ ಖಾತೆಗಳು ಉಳಿದಿದ್ದರೆ, ಯಾವ ಚಿತ್ರಸುರುಳಿಗೂ ಕಡಿಮೆಯಿಲ್ಲದ ಸಾಕ್ಷಿಗಳು ಅವು. 2024ರ ಮಾರ್ಚ್ ತಿಂಗಳಲ್ಲಿ ಬೆಲೆ ಕುಸಿದಾಗ ರೊಚ್ಚಿಗೆದ್ದ ಬೆಳೆಗಾರರಿಂದ ಮಾರುಕಟ್ಟೆಯ ಆವರಣದಲ್ಲಿ ವಾಹನಗಳು ಬೆಂಕಿಗೆ ಆಹುತಿಯಾದವು. ಆ ದೃಶ್ಯವನ್ನು ನಾಡೆಲ್ಲ ನೋಡಿತು. ಬೆಂಕಿ ಹತ್ತಿದ ದಿನ ಮಾತ್ರ ಕ್ಯಾಮೆರಾ ಬರುತ್ತದೆ. ಬೆಂಕಿಗೆ ಮುಂಚಿನ ಹಲವು ವರ್ಷಗಳ ಸಂಕಟವು ದೃಶ್ಯವಾಗುವುದಿಲ್ಲ.

ಇಂಥ ಸಣ್ಣ ಊರುಗಳ ಸಂಗತಿಗಳಿಗೆ ಲೋಕದ ಇತಿಹಾಸದಲ್ಲಿ ಸ್ಥಾನವೆಲ್ಲಿ ಎಂದು ಕೆಲವರು ಕೇಳಬಹುದು. ಒರಾದೂರ್ ಕೂಡ ಸಣ್ಣ ಊರೇ ಎಂಬುದು ಅದಕ್ಕೆ ಉತ್ತರ. ಮುದುಕರ ನೆನಪನ್ನು ನಂಬುವುದು ಹೇಗೆ ಎಂದು ಇನ್ನು ಕೆಲವರು ಸಂಶಯಿಸಬಹುದು. ಈ ಸಂಶಯ ನ್ಯಾಯವಾದುದು. ನೆನಪು ತನ್ನ ಪಕ್ಷವನ್ನು ಬಿಟ್ಟುಕೊಡುವುದಿಲ್ಲ. ಆದುದರಿಂದಲೇ ಒಬ್ಬರ ಮಾತನ್ನು ಮತ್ತೊಬ್ಬರ ಮಾತಿನೊಡನೆ, ಎರಡನ್ನೂ ನ್ಯಾಯಾಲಯದ ಕಡತ, ಹಳೆಯ ಪತ್ರಿಕೆ, ಪಂಚಾಯತಿಯ ಠರಾವುಗಳೊಡನೆ ಇಟ್ಟು ನೋಡಬೇಕು. ಸಸಿ ಕಿತ್ತವನ ಮಾತನ್ನು ಕೇಳಿದಂತೆಯೇ ಕಾರ್ಖಾನೆಯ ಸಂಬಳದಿಂದ ಮಕ್ಕಳನ್ನು ಓದಿಸಿದ ಕಾರ್ಮಿಕನ ಮಾತನ್ನೂ, ಸಸಿ ಬೆಳೆಸಿದ ಅರಣ್ಯದ ಕೂಲಿಯ ಮಾತನ್ನೂ ಕೇಳಬೇಕು. ಒಬ್ಬರದೇ ಧ್ವನಿಯಿರುವ ಸಾಕ್ಷ್ಯಚಿತ್ರ ಸಾಕ್ಷ್ಯವಾಗದು, ಅದು ಪ್ರಚಾರವಾಗುತ್ತದೆ.

ಈ ಕೆಲಸಕ್ಕೆ ಅವಸರವೂ ಇದೆ. 1987ರಲ್ಲಿ ನಲವತ್ತರ ಹರೆಯದಲ್ಲಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ. ಮನುಷ್ಯನಿಗೆ ಮರೆವು ಹಿಡಿಯುತ್ತದೆ. ಒಬ್ಬ ಹಿರಿಯರು ಕಣ್ಮುಚ್ಚಿದರೆ, ಬೇರೆಲ್ಲಿಯೂ ಪ್ರತಿಯಿಲ್ಲದ ಕಂತೊಂದು ಅಳಿಸಿಹೋದಂತೆಯೇ ಸರಿ. ಹಿಂದೆ ಚಿತ್ರೀಕರಣವು ಲಕ್ಷಗಟ್ಟಲೆ ಹಣದ ಬಾಬತ್ತಾಗಿದ್ದಿತು. ಇಂದು ಧ್ವನಿಯನ್ನೂ ಚಿತ್ರವನ್ನೂ ಹಿಡಿದಿಡುವ ಸಾಧನವು ಜನಸಾಮಾನ್ಯರ ಜೇಬಿನಲ್ಲಿದೆ. ಕೊರತೆಯಿರುವುದು ಸಾಧನದ್ದಲ್ಲ; ಕೇಳಬೇಕೆಂಬ ಮನಸ್ಸಿನದು. ಪ್ರೌಢಶಾಲೆಯೊಂದು ಒಂದು ವರ್ಷ ತನ್ನ ಸುತ್ತಲಿನ ಹತ್ತು ಮಂದಿ ಹಿರಿಯರ ಮಾತನ್ನು, ಅವರ ಒಪ್ಪಿಗೆ ಪಡೆದು, ದಿನಾಂಕ ಸಹಿತ ದಾಖಲಿಸಿಕೊಂಡರೆ, ಅದು ಆ ಊರಿನ ಇತಿಹಾಸದ ಮೊದಲ ಸಂಪುಟವಾದೀತು.

ದೊಡ್ಡ ದೇಶಗಳ ದೊಡ್ಡ ಮಾಲಿಕೆಗಳನ್ನು ನೋಡುವುದನ್ನು ಬಿಡಬೇಕಾಗಿಲ್ಲ. ಬರ್ಲಿನ್ ಗೋಡೆ ಬಿದ್ದುದನ್ನು ಹಾವೇರಿಯ ಮಕ್ಕಳು ತಿಳಿಯಲೇಬೇಕು. ಅದಕ್ಕೆ ಎರಡು ವರ್ಷ ಮೊದಲು ತಮ್ಮ ಜಿಲ್ಲೆಯ ಗುಡ್ಡವೊಂದರ ಮೇಲೆ ಜನ ಏನನ್ನು ಕಿತ್ತರು, ಏನನ್ನು ನೆಟ್ಟರು ಎಂಬುದನ್ನೂ ಅವರು ತಿಳಿದಿರಬೇಕು. ಮೊದಲನೆಯದನ್ನು ಹೇಳಲು ಲೋಕದಲ್ಲಿ ಸಾವಿರ ಮಂದಿಯಿದ್ದಾರೆ. ಎರಡನೆಯದನ್ನು ಆ ಮಕ್ಕಳು ಕೇಳಿ ಬರೆದಿಡದಿದ್ದರೆ ಬೇರೆ ಯಾರೂ ಬರೆದಿಡುವುದಿಲ್ಲ.