ಅಜ್ಜಿಯ ಕತೆ, ಅಜ್ಜಿಯ ಪಾಲು

ಕಲ್ಲಡ್ಕ, ಪಾಣೆಮಂಗಳೂರು, ಮಾಣಿ ಸುತ್ತಿನ ನಾವು ಮುಸ್ಲಿಮ್ ಕತೆಗಾರರು ಹಿಂದಿನ ಕಾಲದ ಕತೆ ಬರೆಯಲು ಕೂತರೆ ಒಬ್ಬಳು ಅಜ್ಜಿ ಬಂದೇ ಬರುತ್ತಾಳೆ. ಚಿಮಣಿ ದೀಪ, ಎಲೆಯಡಿಕೆ ತಟ್ಟೆ, ಕಾವಲಿಯ ಮೇಲೆ ಅಕ್ಕಿರೊಟ್ಟಿ, ಇಪ್ಪತ್ತು ಮಂದಿಯ ತುಂಬಿದ ಮನೆ, ನೆರೆಮನೆಯ ಶೆಟ್ಟರು ಕಳಿಸಿದ ಹಲಸಿನ ಹಣ್ಣು. ಕೊನೆಗೆ ಮೊಮ್ಮಗ ಗಲ್ಫಿನಿಂದ ಬಂದು ಕುಸಿದ ಗೋಡೆಯ ಎದುರು ಕಣ್ಣೊರೆಸಿಕೊಳ್ಳುತ್ತಾನೆ. ನಾವೂ ಇಂತಹ ಕತೆ ಬರೆದಿದ್ದೇವೆ, ಬಹುಮಾನವನ್ನೂ ತಂದಿದ್ದೇವೆ. ಆದ್ದರಿಂದ ಈ ಜಗಳ ಮೊದಲು ನಮ್ಮೊಂದಿಗೇ.

ಹೀಗೆ ಬರೆಯಲು ಕಾರಣವಿಲ್ಲದಿಲ್ಲ. ಕಲ್ಲಡ್ಕ ಎಂದರೆ ಹೊರಗಿನವರಿಗೆ ಒಂದೋ ಗ್ಲಾಸಿನಲ್ಲಿ ಹಾಲೂ ಡಿಕಾಕ್ಷನ್ನೂ ಬೇರೆಬೇರೆಯಾಗಿ ನಿಲ್ಲುವ ಕೆ.ಟಿ. ಚಹಾ, ಇಲ್ಲವೇ ಗಲಭೆ. 2017ರಲ್ಲಿ ಇಲ್ಲಿ ವಾರಗಟ್ಟಲೆ ನಿಷೇಧಾಜ್ಞೆ ಇತ್ತು. ಇಂತಹ ಊರಿನವರಿಗೆ ‘ನಮ್ಮ ಹಿರಿಯರ ಕಾಲ ಹೀಗಿರಲಿಲ್ಲ, ನಮ್ಮ ಮನೆಗಳು ಚೆನ್ನಾಗಿದ್ದವು’ ಎಂದು ಸಾರುವ ಆತುರ ಸಹಜ. ಆದರೆ ಹೊರಗಿನವರಿಗೆ ಉತ್ತರ ಕೊಡುವ ಭರದಲ್ಲಿ ಮನೆಯೊಳಗಿನ ಲೆಕ್ಕವನ್ನು ಯಾಕೆ ಅಳಿಸಬೇಕು?

ಉರ್ದು ಶಾಲೆಯಲ್ಲಿ ನಾವು ಕಲಿತ ಒಂದು ಪದ ‘ವಿರಾಸತ್’. ಹಿರಿಯರು ಬಿಟ್ಟುಹೋದ ನುಡಿ, ನಡತೆ, ನೆನಪು ವಿರಾಸತ್. ಅವರು ಬಿಟ್ಟುಹೋದ ಗದ್ದೆ, ತೋಟ, ಮನೆಯ ಅಡಿಸ್ಥಳವೂ ವಿರಾಸತ್. ಕನ್ನಡದಲ್ಲಿ ಮೊದಲನೆಯದಕ್ಕೆ ಪರಂಪರೆ ಎನ್ನುತ್ತೇವೆ, ಎರಡನೆಯದಕ್ಕೆ ವಾರಸು. ಇದು ನಮ್ಮ ಕತೆಗಾರರಿಗೆ ಬಹಳ ಅನುಕೂಲವಾಯಿತು. ಪರಂಪರೆಯನ್ನು ಅಜ್ಜಿಯ ಕೈಗೆ ಕೊಟ್ಟರು, ವಾರಸನ್ನು ಮಾಮನ ಕೈಗೆ.

ಖುರ್‌ಆನಿನ ‘ಅನ್ನಿಸಾ’ ಅಧ್ಯಾಯ ಮಗಳಿಗೆ, ತಾಯಿಗೆ, ಹೆಂಡತಿಗೆ ಪಾಲನ್ನು ನಿಗದಿ ಮಾಡಿದೆ. ಮಗಳದ್ದು ಮಗನ ಪಾಲಿನ ಅರ್ಧ. 1937ರ ಶರೀಅತ್ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿತ್ತು. ನಮ್ಮ ಜಿಲ್ಲೆ ಮದರಾಸಿನಲ್ಲಿದ್ದಾಗಲೇ, 1949ರಲ್ಲಿ, ಅಲ್ಲಿನ ತಿದ್ದುಪಡಿ ಆ ಅಡ್ಡಿಯನ್ನೂ ತೆಗೆಯಿತು. ನೆರೆಯ ಬಂಟರ ಮನೆಗಳಲ್ಲಿ ಅಳಿಯಸಂತಾನದ ಕಟ್ಟು, ಅಲ್ಲಿ ಸಂತತಿ ಹೆಣ್ಣಿನಿಂದ. ಹೀಗೆ ಧರ್ಮವೂ ಕಾನೂನೂ ನೆರೆಹೊರೆಯೂ ಹೇಳುತ್ತಿದ್ದಾಗ ನಾವು ಮಾಡಿದ್ದೇನು? ‘ಮದುವೆಗೆ ಚಿನ್ನ ಹಾಕಿದ್ದೇವಲ್ಲ’ ಎಂದು ತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆವು.

1974ರ ಭೂಸುಧಾರಣೆಯನ್ನೇ ನೋಡಿ. ಚಾಲಗೇಣಿಯ ಗದ್ದೆ ಒಕ್ಕಲಿಗೆ ಸಿಕ್ಕಿದ್ದು ನಮ್ಮ ಹಿರಿಯರ ಬದುಕಿನ ದೊಡ್ಡ ಘಟನೆ. ಹಲವು ಮುಸ್ಲಿಮ್ ಗೇಣಿದಾರರೂ ಅದರಿಂದ ತಲೆಯೆತ್ತಿದರು. ಡಿಕ್ಲರೇಶನ್ ಕೊಡಲು 1979ರ ಜೂನ್ 30ರವರೆಗೆ ಅವಕಾಶವಿತ್ತು. ಏಳನೇ ನಮೂನೆಯಲ್ಲಿ ಯಾರ ಹೆಸರು? ಸಾಮಾನ್ಯವಾಗಿ ಅಜ್ಜನದು, ಇಲ್ಲವೇ ಹಿರಿಯ ಮಗನದು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯೇ ಗಂಡಸಿನದು. ನೇಜಿ ನೆಟ್ಟವಳು ಅದರಲ್ಲಿಲ್ಲ. ಭೂನ್ಯಾಯ ಮಂಡಳಿಗೆ ಅಲೆದ ಬಸ್ಸಿನ ದುಡ್ಡು, ವಕೀಲರ ಫೀಸು ಎಷ್ಟು ಮನೆಗಳಲ್ಲಿ ಹೆಂಗಸರು ಗೆರಸೆ ಹಿಡಿದು ಕಟ್ಟಿದ ಬೀಡಿಯಿಂದ ಬಂತೆಂದು ಹಳಬರನ್ನು ಕೇಳಿ ನೋಡಿ. ನಮ್ಮ ಕತೆಗಳಲ್ಲಿ ಬೀಡಿ ಕಟ್ಟುವ ಅಜ್ಜಿ ಸಾಕಷ್ಟಿದ್ದಾಳೆ. ಆ ಬೀಡಿಯ ದುಡ್ಡು ಎಲ್ಲಿಗೆ ಹೋಯಿತೆಂದು ಒಂದು ಸಾಲು ಬರೆದವರು ಕಡಿಮೆ.

ನಮ್ಮ ಅಂತಹ ಒಂದು ಕತೆಯನ್ನು ತಂದೆಯ ತಂಗಿಗೆ ಓದಿ ಹೇಳಿದ್ದೆವು. ಅವರಿಗೆ ಓದು ಬಾರದು. ಹಳೆಯ ಮನೆಯ ವರ್ಣನೆ ಬಂದಾಗ ನಕ್ಕರು, ಅವರ ಉಮ್ಮನ ಮಾತು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಕೇಳಿದರು: “ಎಲ್ಲ ಸರಿ ಮೋನೇ, ನನ್ನನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದದ್ದನ್ನು ಯಾಕೆ ಬರೆಯಲಿಲ್ಲ?” ಕರೆದುಕೊಂಡು ಹೋದವರು ನಮ್ಮ ತಂದೆ. ದಾರಿಯಲ್ಲಿ ಹೋಟೆಲಿನಲ್ಲಿ ಗೋಳಿಬಜೆ, ಚಹಾ ಕೊಡಿಸಿದ್ದರಂತೆ. ಅಣ್ಣ ಅಷ್ಟು ಪ್ರೀತಿಯಿಂದ ಮಾತಾಡಿಸಿದ್ದು ಅದೇ ಮೊದಲು ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನಮಗೆ ಹೆಚ್ಚು ನಾಚಿಕೆಯಾಯಿತು.

ಕುಟುಂಬದ ಬಾಂಧವ್ಯ ಎಂದು ನಾವು ಬರೆಯುವುದು ಆ ಚಹಾದ ಬಗ್ಗೆ. ಅಣ್ಣನ ಪ್ರೀತಿ ಸುಳ್ಳಲ್ಲ, ತಂಗಿಯ ಹೆಬ್ಬೆಟ್ಟೂ ಸುಳ್ಳಲ್ಲ. ಎರಡೂ ಒಂದೇ ದಿನದ ಸಂಗತಿ. ಎರಡನ್ನೂ ಒಟ್ಟಿಗೆ ಬರೆಯುವ ಎದೆಗಾರಿಕೆ ನಮಗಿರಲಿಲ್ಲ.

ಮನೆಯ ಮಾತನ್ನು ಬೀದಿಗೆ ತಂದರೆ ನಮ್ಮನ್ನು ಆಗದವರಿಗೆ ಆಯುಧ ಕೊಟ್ಟಂತೆ ಎಂಬ ವಾದವಿದೆ. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗಲೂ ಈ ಮಾತು ಬಂದಿತ್ತು. ತಂದೆಯ ಹಟಕ್ಕೆ ಮಗಳ ಸಂಸಾರ ಮುರಿದುಬೀಳುವ ಆ ಕತೆಗೆ ನಮ್ಮವರಿಂದಲೇ ವಿರೋಧ ಎದುರಾಯಿತು. ಸಾರಾ 2023ರ ಜನವರಿಯಲ್ಲಿ ತೀರಿಕೊಂಡಾಗ ನಾವೆಲ್ಲ ಶ್ರದ್ಧಾಂಜಲಿ ಬರೆದೆವು, ಸಭೆಗಳಲ್ಲಿ ಹೊಗಳಿದೆವು. ಅವರು ಕೇಳಿದ್ದನ್ನು ನಮ್ಮ ಅಡಿಕೆ ತೋಟದ ಬಗ್ಗೆ ಕೇಳಿಕೊಳ್ಳಲಿಲ್ಲ. ಆಗದವರ ಮಾತಿಗೆ ಬಂದರೆ, ಅವರು ನಮ್ಮ ಕತೆ ಓದಿ ಬೈಯಲು ಕಾದು ಕೂತವರಲ್ಲ, ಓದದೆಯೂ ಬೈಯುತ್ತಾರೆ.

ಹಳೆಯ ಕಾಲದ ಬಗ್ಗೆ ಬರೆಯುವ ಕಿರಿಯರು ನಮ್ಮಲ್ಲಿ ಹಸ್ತಪ್ರತಿ ತಂದು ಕೊಡುತ್ತಾರೆ. ಈಗ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ನಿಮ್ಮ ಮನೆಯ ಪಾಲುಪಟ್ಟಿ ನೋಡಿದ್ದೀರಾ? ಕೆಲವರು ನಗುತ್ತಾರೆ. ಒಬ್ಬ ಹುಡುಗ ಹಸ್ತಪ್ರತಿಯನ್ನೇ ವಾಪಸು ತೆಗೆದುಕೊಂಡು ಹೋದ, ಇನ್ನೂ ಬಂದಿಲ್ಲ.

ನಮ್ಮ ಆ ಬಹುಮಾನದ ಕತೆ ಸಂಕಲನದಲ್ಲಿ ಹಾಗೆಯೇ ಇದೆ. ಅತ್ತೆ ಈಗ ಇಲ್ಲ. ಅವರ ಮಗಳು ಪಾಣೆಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ತೋಟದ ಪಹಣಿಯಲ್ಲಿ ನಮ್ಮ ಮತ್ತು ನಮ್ಮ ತಮ್ಮನ ಹೆಸರಿದೆ.