ಕಾಬಾಳೆ ಕೀಳಬೇಡಿ ಸ್ವಾಮಿ

ಕಾಬಾಳೆ ಅಂದ್ರೆ ಬಚ್ಚಲು ನೀರು ಹರಿಯೋ ಜಾಗದ ಗಿಡ ಅಂತ ನಮ್ಮಲ್ಲಿ ಒಂಥರಾ ಸಸಾರ. ಈಗ ನಮ್ಮ ಅಪಾರ್ಟ್‌ಮೆಂಟಿನವರು ಗೋಡೆ ಪಕ್ಕದ ಕಾಬಾಳೆ ಸಾಲನ್ನ ಕಿತ್ತು ಲಾನ್ ಹಾಕಿಸ್ತಾರಂತೆ! ಅಲ್ಲಿ ಮಳೆನೀರು ನಿಲ್ಲುತ್ತೆ, ಹುಲ್ಲು ಕೊಳೆಯುತ್ತೆ. ಕಾಬಾಳೆ ಅದೇ ನೀರು ಕುಡಿದು ಆಳೆತ್ತರ ಬೆಳೆಯುತ್ತೆ. ನೋಡೋಕೆ ಗಲೀಜಾಗಿದೆ ಅನ್ನೋದೇನೋ ನಿಜ. ಹೂವೆಲ್ಲ ಮುಗಿದ ದಂಟು ಮತ್ತೆ ಹೂ ಬಿಡಲ್ಲ, ಅದನ್ನ ಬುಡಕ್ಕೆ ಕತ್ತರಿಸಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಗೆಡ್ಡೆ ಬಿಡಿಸಿ ನೆಡಬೇಕು. ಇಲ್ಲಿ ಯಾರೂ ಮಾಡಿಲ್ಲ. ಜೊತೆಗೆ ಕೆಂಪು, ಹಳದಿ, ಚುಕ್ಕೆಯದು ಎಲ್ಲ ಬೆರೆಸಿಟ್ಟು ಸಂತೆ ಮಾಡಿದಾರೆ. ಒಂದೇ ಕೆಂಪಿನ ಹತ್ತಾರು ಗಿಡ ಒತ್ತಾಗಿ ನೆಟ್ಟು ನೋಡಿ, ದೂರದಿಂದಲೇ ಕಣ್ಣು ಹಿಡಿಯುತ್ತೆ. (ಅಂದಹಾಗೆ, ಆ ಅಗಲ ಎಸಳುಗಳು ನಿಜವಾಗಿ ಎಸಳಿನಂತಾದ ಕೇಸರಗಳು!) ಭಾನುವಾರ ಮೀಟಿಂಗಲ್ಲಿ ಇದನ್ನೇ ಹೇಳ್ತೀನಿ. ಆದ್ರೂ ಕಿತ್ತರೆ ಗೆಡ್ಡೆಗಳು ನನಗಿರಲಿ.