ಜೀವ ಉಳಿದರೆ ಸಾಕೆ?

ಬಾಯಿಯ ಕ್ಯಾನ್ಸರ್ ಗಡ್ಡೆ ತೆಗೆದಾಯಿತು. ಜನ 'ಕರೆಂಟ್ ಕೊಡಿಸುವುದು' ಎನ್ನುವ ವಿಕಿರಣ ಚಿಕಿತ್ಸೆಯೂ ಮುಗಿಯಿತು. ಮನೆಯವರಿಗೆ ನೆಮ್ಮದಿ. ರೋಗಿ ಮಾತ್ರ ಎಲ್ಲರ ಜೊತೆ ಊಟಕ್ಕೆ ಕೂರುವುದಿಲ್ಲ, ಮಾತೂ ಕಡಿಮೆ. 'ಜೀವ ಉಳಿಯಿತಲ್ಲ' ಎಂದು ವೈದ್ಯರಾದ ನಾವೂ ಸುಮ್ಮನಾಗುತ್ತೇವೆ. ಇದು ತಪ್ಪು.

ನಾಲಿಗೆಯ ಭಾಗ ಹೋದರೆ ತುತ್ತನ್ನು ಹಿಂದಕ್ಕೆ ತಳ್ಳುವ ಬಲ ಕುಗ್ಗುತ್ತದೆ. ತ, ದ, ಲ, ರ ಉಚ್ಚಾರಣೆ ಕೆಡುತ್ತದೆ. ವಿಕಿರಣದಿಂದ ಜೊಲ್ಲು ಒಣಗಿ, ದವಡೆ ಬಿಗಿಯುತ್ತದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸಲಾಗದಿದ್ದರೆ ವೈದ್ಯರಿಗೆ ತಿಳಿಸಿ.

ನೀರು ಕುಡಿಯುವುದು ಸುಲಭವೆಂದು ನಾವು ತಿಳಿದಿದ್ದೇವೆ. ಇಂಥವರಿಗೆ ಅದೇ ಕಷ್ಟವಾಗಬಹುದು. ತೆಳು ದ್ರವ ಬೇಗ ಜಾರಿ ಶ್ವಾಸನಾಳ ಸೇರುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಪದೇ ಪದೇ ಜ್ವರ, ನ್ಯುಮೋನಿಯಾ ಬಂದಾಗಲೇ ತಿಳಿಯುವುದು. ಗದ್ದ ಬಗ್ಗಿಸಿ ನುಂಗಬೇಕೋ, ಗಟ್ಟಿ ಅಂಬಲಿ ಕೊಡಬೇಕೋ ಎಂಬುದನ್ನು ವಾಕ್ ಚಿಕಿತ್ಸಕರು ಪರೀಕ್ಷಿಸಿಯೇ ಹೇಳಬೇಕು. ಅಕ್ಕಪಕ್ಕದವರ ಸಲಹೆ ಬೇಡ. ದವಡೆ, ನಾಲಿಗೆಯ ವ್ಯಾಯಾಮಗಳನ್ನು ವಿಕಿರಣ ಶುರುವಾಗುವ ಮೊದಲೇ ಕಲಿಯುವುದು ಒಳ್ಳೆಯದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇಂಥ ತಜ್ಞರನ್ನು ತಯಾರು ಮಾಡುತ್ತಿದೆ. ಆದರೂ ಎಷ್ಟೋ ರೋಗಿಗಳು ಅವರನ್ನು ಕಾಣದೆಯೇ ಮನೆಗೆ ಮರಳುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ನುಂಗುವಿಕೆ ಮತ್ತು ಮಾತಿನ ಬಗ್ಗೆ ಒಂದು ಸಾಲು ಇರಲೇಬೇಕು. ಇಲ್ಲದಿದ್ದರೆ ಸಂಕೋಚಪಡದೆ ಕೇಳಿ. ಊಟ, ಮಾತು ಸಾಧ್ಯವಾದಷ್ಟು ಮರಳಿದ ಮೇಲೆಯೇ ಚಿಕಿತ್ಸೆ ಮುಗಿದಂತೆ.